ಅಂಗಾಲು ನೋಡುವ ನಮಸ್ಕಾರ

೧೬ ಅಕ್ಟೋಬರ್ ೧೯೮೬, ಗುರುವಾರ

ನಮ್ಮ ಕಾಳು ಮಾರಿಸಿಕೊಡುವ ಆಳಂದದ ಅಡತಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಹತ್ತು ತಿಂಗಳಿನಿಂದ ಖಾಲಿ ಬಿದ್ದಿತ್ತು. ಇಂದು ತೆಗೆದೆ. ಕಾಲು ಚಾಚಿ ಕೂಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಸರಸಂಬಾ ಊರಿನ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂಬತ್ತು ವರ್ಷವಾಯಿತು. ಹಗಲು ಹೊತ್ತು ನಾನು ಹೀಗೆ ಕುಳಿತದ್ದನ್ನು ಯಾರೂ ನೋಡಿಲ್ಲ.

ಆದದ್ದು ಇಷ್ಟು. ದಸರೆಯ ಮಧ್ಯಾಹ್ನ ಬಸವಣ್ಣನ ಗುಡಿಗೆ ಹೋಗಿದ್ದೆವು. ಅಂಗಳದ ಶಹಾಬಾದಿ ಕಲ್ಲಿನ ಫರಸಿ ಕಾದ ಹಂಚಿನಂತಾಗಿತ್ತು. ಊರ ಹೆಂಗಸರೆಲ್ಲ ನೆರಿಗೆ ಎತ್ತಿಕೊಂಡು ಕೋಳಿಗಳ ಹಾಗೆ ಜಿಗಿಯುತ್ತ ಸುತ್ತು ಹಾಕಿದರು. ನಾನೊಬ್ಬಳೇ ಚಾಪೆಯ ಮೇಲೆ ನಡೆದಂತೆ ನಡೆದೆ. ಐದು ಸುತ್ತು, ಅವಸರವಿಲ್ಲದೆ. ನಮ್ಮ ಹೊಲದಲ್ಲಿ ದುಡಿಯುವ ನಿಂಬೆವ್ವ ನನ್ನ ಓರಗೆಯವಳು, ಬಾಯಿ ಜೋರು. ನೆರಳಿನಲ್ಲಿ ನಿಂತು, "ನೋಡ್ರೆಬೇ, ಭಕ್ತಿ ಅಂದ್ರ ನಮ್ಮ ಸುಮಿತ್ರಾಬಾಯಾರದು. ಕಾಲಿಗಿ ಬಿಸಿ ಸೈತ ಹತ್ತಲ್ದು" ಎಂದಳು. ಅದನ್ನು ಕೇಳಿ ಆರನೆಯ ಸುತ್ತನ್ನೂ ಹಾಕಿದೆ.

ಈಗ ಬಲಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದು ಒಡೆದಿದೆ. ನೋವಂತೂ ಇಲ್ಲ. ನೆಲದ ಮೇಲೆ ಒದ್ದೆ ಹೆಜ್ಜೆ ಬಿದ್ದದ್ದನ್ನು ನೋಡಿ ಮಗ ಜಗದೇವಪ್ಪ, "ಅವ್ವ, ಒಂದ್ ದಿನ ಕೂಡು" ಎಂದ. ಮಗನ ಮಾತು ಒಂದು ದಿನ ಕೇಳಬಹುದು. ವಿಭೂತಿ ಒತ್ತಿ ಬಟ್ಟೆ ಕಟ್ಟಿದ್ದೇನೆ. ನಾಲ್ಕು ದಿನಕ್ಕೆ ಒಣಗುತ್ತದೆ.

೨೦ ಅಕ್ಟೋಬರ್, ಸೋಮವಾರ

ಒಣಗಿಲ್ಲ.

ಊರಿನ ಉಪಕೇಂದ್ರಕ್ಕೆ ಹೊಸ ನರ್ಸು ಬಂದಿದ್ದಾಳೆ. ಆಳಂದದ ಹುಡುಗಿ, ಹೆಸರು ಅಮೀರುನ್ನಿಸಾ, ಇಪ್ಪತ್ತೆರಡು ಇಪ್ಪತ್ತಮೂರು ಇರಬೇಕು. ಲಸಿಕೆಯ ಸೂಜಿ ಹಾಕಲು ಮನೆಮನೆಯ ಕೂಸುಗಳ ಹೆಸರು ಬರೆದುಕೊಳ್ಳುತ್ತ ನಮ್ಮ ಕಟ್ಟೆಗೂ ಬಂದಳು. ಹೊರಗಿನವರಿಗೆಂದು ಕಟ್ಟೆಯ ಗೂಡಿನಲ್ಲಿ ಇಟ್ಟ ಗಾಜಿನ ಗ್ಲಾಸಿನಲ್ಲಿ ಚಹಾ ಕೊಡಿಸಿದೆ.

"ಅವ್ವಾರ, ನಿಮ್ಮ ಕಾಲಿನ ಪಟ್ಟಿ ಹಸಿ ಆಗ್ಯದ. ಜರಾ ನೋಡ್ಲ್ಯಾ?"

"ಕೂಸಿನ ಹೆಸರು ಬರಕೊಳ್ಳಾಕ ಬಂದೀದಿ. ನಮ್ಮ ಮನ್ಯಾಗ ಕೂಸಿಲ್ಲ. ಮುಂದಿನ ಮನಿಗಿ ಹೋಗು."

ಹೋಗಲಿಲ್ಲ. ಚಹಾ ಮುಗಿಸುವ ತನಕ ಕೂಡುತ್ತೇನೆಂದಳು, ಆ ಚಹಾ ಅರ್ಧ ತಾಸು ಕುಡಿದಳು. ಕೊನೆಗೆ ನಾನೇ ಬೇಸತ್ತು ಕಾಲು ಚಾಚಿದೆ. ಚೀಲದಿಂದ ಹತ್ತಿಯ ಒಂದು ಎಳೆ ತೆಗೆದು, "ಕಣ್ಣ ಮುಚ್ಚರಿ. ನಾ ಮುಟ್ಟಿದಾಗ ಹ್ಞೂಂ ಅನ್ರಿ" ಎಂದಳು.

ಕಣ್ಣು ಮುಚ್ಚಿ ಕುಳಿತೆ. ಬಹಳ ಹೊತ್ತಾಯಿತು. "ಯಾವಾಗ ಮುಟ್ತಿ?" ಎಂದು ಕೇಳಿದೆ.

"ಐದ್ ಸಲ ಮುಟ್ಟಿ ಆಯ್ತ್ರಿ ಅವ್ವಾರ."

ದಸರೆಯ ಸುತ್ತಿನ ಮಾತು ಹೇಳಿದೆ. ಆಕೆ ತಲೆ ತಗ್ಗಿಸಿ ಮೆಲ್ಲಗೆ ಅಂದಳು: "ಫರಸಿ ಎಲ್ಲಾರಿಗೂ ಕಾದಿತ್ತು. ನಿಮಗ ತಿಳೀಲಿಲ್ಲ, ಅಷ್ಟ." ಆಮೇಲೆ ಸ್ಪಿರಿಟ್ ದೀಪ ಹೊತ್ತಿಸಿ, ನೀಲಿ ನೀರಿನ ನಳಿಗೆಯಲ್ಲಿ ನನ್ನ ಮೂತ್ರದ ಎಂಟು ಹನಿ ಹಾಕಿ ಕಾಸಿದಳು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿಯ ಬಣ್ಣಕ್ಕೆ ಬಂದು ನಿಂತಿತು. ಸಕ್ಕರೆ ಬ್ಯಾನಿ, ಅಂದರೆ ಮಧುಮೇಹವಂತೆ. ಬಹಳ ವರ್ಷದಿಂದ ಇರಬೇಕಂತೆ. ಕಾಲಿನ ಅರಿವನ್ನು ಅದೇ ತಿಂದಿದೆಯಂತೆ.

ಆರು ಸುತ್ತಿನ ಭಕ್ತಿ ಹತ್ತಿಯ ಒಂದು ಎಳೆಗೆ ಸೋತಿತು. ನಿಂಬೆವ್ವನಿಗೆ ಇದು ತಿಳಿಯಬಾರದು.

೨೪ ಅಕ್ಟೋಬರ್, ಶುಕ್ರವಾರ

ಆ ಹುಡುಗಿ ದಿನ ಬಿಟ್ಟು ದಿನ ಬರುತ್ತಾಳೆ. ಆಳಂದದ ಡಾಕ್ಟರಿಂದ ಗುಳಿಗೆ ಬರೆಸಿ ತಂದಳು. ಕಾಯಿಸಿ ಆರಿಸಿದ ಉಪ್ಪು ನೀರಿನಿಂದ ಗಾಯ ತೊಳೆಯುತ್ತಾಳೆ. ಕೈ ಹಗುರ ಎಂದು ಸೊಸೆ ಗುರಮ್ಮ ಹೇಳುತ್ತಾಳೆ. ನನಗೆ ಹಗುರವೂ ತಿಳಿಯುವುದಿಲ್ಲ, ಭಾರವೂ ತಿಳಿಯುವುದಿಲ್ಲ.

ಇಂದು ಪಟ್ಟಿ ಕಟ್ಟಿ ಆದ ಮೇಲೆ ಉಪದೇಶ ಶುರುವಾಯಿತು. ಬರಿಗಾಲಲ್ಲಿ ಓಡಾಡಬಾರದು. ಕಾಲಿಗೆ ಬಿಸಿ ನೀರು ಸುರಿದುಕೊಳ್ಳುವ ಮೊದಲು ಬೇರೆಯವರ ಕೈಯಿಂದ ಬಿಸಿ ನೋಡಿಸಬೇಕು. ಬೆಲ್ಲದ ಚಹಾ ಬೇಡ. "ಗಾಯಕ್ಕ ವಿಭೂತಿ ಬ್ಯಾಡ್ರಿ. ಹಣಿ ಮ್ಯಾಲಿರ್ಲಿ, ಅಲ್ಲಿ ಅದಕ್ಕ ಕೆಲಸ ಅದ." ಇಷ್ಟು ಹೇಳಿ ಕೈ ಒರೆಸಿಕೊಂಡು, "ಈಗ ನೀವ ನನಗ ಹೇಳ್ರಿ, ನಾ ಏನೇನ್ ಹೇಳ್ದೆ?" ಎಂದಳು.

ನಾನು ಸೊಲ್ಲಾಪುರದಲ್ಲಿ ಮ್ಯಾಟ್ರಿಕ್ ತನಕ ಓದಿದವಳು. ಈ ಊರಿಗೆ ನಾನು ಬಂದಾಗ ಕಾಗದ ಓದುವ ಹೆಂಗಸು ನಾನೊಬ್ಬಳೇ. "ನನ್ನ ಪರೀಕ್ಷಾ ತಗೋತಿ ಏನ್ ಬೇ?" ಎಂದೆ.

"ಪರೀಕ್ಷಾ ನಂದ್ರಿ. ನೀವು ಬರೋಬ್ಬರಿ ಹೇಳಿದ್ರ ನಾ ಪಾಸು."

ಒಂದೂ ಬಿಡದೆ ಹೇಳಿದೆ. ಹೇಳಲು ನನಗೇನು ಬರುವುದಿಲ್ಲವೇ? ಬಾಗಿಲ ಮರೆಯಲ್ಲಿ ಗುರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ನೋಡಲಿಲ್ಲವೆಂದು ತಿಳಿದಿದ್ದಾಳೆ.

೩ ನವೆಂಬರ್, ಸೋಮವಾರ

ಇಂದು ದೀಪಾವಳಿಯ ಪಾಡ್ಯ. ದನಗಳಿಗೆ ಆರತಿ ಈ ಮನೆಯಲ್ಲಿ ಹಿರಿಯಳೇ ಮಾಡಬೇಕು. ಕೀವು ಹತ್ತಿದ ಪಟ್ಟಿ ಕಟ್ಟಿಕೊಂಡು ಆರತಿ ತಟ್ಟೆ ಹಿಡಿಯುವುದು ಸರಿ ಕಾಣಲಿಲ್ಲ. ಬಿಚ್ಚಿಟ್ಟು, ಸ್ನಾನ ಮಾಡಿ, ಕೊಟ್ಟಿಗೆಗೆ ಬರಿಗಾಲಲ್ಲಿ ನಡೆದು ಹೋದೆ. ಎಂಟು ದನಕ್ಕೂ ಆರತಿಯಾಯಿತು.

ನರ್ಸಿಗೆ ಹೇಳಕೂಡದೆಂದು ಗುರಮ್ಮನಿಗೆ ತಾಕೀತು ಮಾಡಿದ್ದೇನೆ.

೬ ನವೆಂಬರ್, ಗುರುವಾರ

ಹೇಳುವುದೇ ಬೇಕಾಗಲಿಲ್ಲ. ವಾಸನೆ ಹೇಳಿತು.

ಜಗದೇವಪ್ಪ ಆಳಂದದ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಗಾಯ ಕೆದಕಿ ನೋಡಿದರು. "ಹದಿನೈದ್ ದಿನ ಕೊಡ್ತೇನಿ. ಕೆಂಪು ಮಾಂಸ ಬರಲಿಲ್ಲಂದ್ರ ಕಲಬುರ್ಗಿಗಿ ಕಳಸ್ತೇನಿ. ಹೆಬ್ಬೆರಳ ತೆಗೀಬೇಕಾಗ್ತದ. ಬೆರಳಿಗೇ ನಿಂತ್ರ ಛಲೋ" ಎಂದರು.



೧೦ ನವೆಂಬರ್, ಸೋಮವಾರ

ಬೈಯುತ್ತಾಳೆಂದು ಕಾದಿದ್ದೆ. ನಾನಾಗಿದ್ದರೆ ಬೈಯುತ್ತಿದ್ದೆ. ನರ್ಸಬಾಯಿ ಬೈಯಲಿಲ್ಲ. ಗಾಯ ತೊಳೆದು ಕಟ್ಟಿ, ಪಡಸಾಲೆಯಲ್ಲಿ ನನ್ನೆದುರು ಕುಳಿತು, ಒಂದು ನೋಟ್‌ಬುಕ್ಕು ತೆಗೆದಳು. ಹಾಳೆಯ ಮೇಲೆ ಗೆರೆ ಎಳೆದು ನಾಲ್ಕು ಕಾಲಂ ಮಾಡಿದಳು. ತೊಂದರೆ ಏನು. ಏನಾಗಬೇಕು. ಯಾರು ಏನು ಮಾಡಬೇಕು. ಆಯಿತೋ ಇಲ್ಲವೋ.

"ಅವ್ವಾರ, ಈ ಕಾಲಿನಿಂದ ನಿಮಗ ಏನ್ ಆಗಬೇಕು?"

ಇದೆಂಥ ಪ್ರಶ್ನೆ ಎನಿಸಿತು. ನನಗೇನು ಬೇಕೆಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಆದರೂ, "ತೊಗರಿ ರಾಶಿ ದಿನ ಕಣಕ್ಕ ನಡಕೊಂತ ಹೋಗಬೇಕು. ಮೊದಲನೇ ಸೇರು ನನ್ನ ಕೈಲೆ ಅಳೀಬೇಕು" ಎಂದೆ.

ಅದು ನಮ್ಮ ಮನೆತನದ ಪದ್ಧತಿ. ರಾಶಿಯಾದ ದಿನ ಮನೆಯ ಹಿರಿಯ ಹೆಂಗಸು ಕಣದೊಳಗೆ ನಡೆದು ಹೋಗಿ ಮೊದಲ ಸೇರು ಅಳೆದು ಕೊಟ್ಟ ಮೇಲೆಯೇ ಗಂಡಸರು ಚೀಲಕ್ಕೆ ಕೈ ಹಚ್ಚುವುದು. ನಮ್ಮ ಅತ್ತೆ ಸಾಯುವ ವರ್ಷವೂ ಅಳೆದರು. ಅವರ ನಂತರ ಇಪ್ಪತ್ತೊಂದು ವರ್ಷ ನಾನು. ಗಾಡಿಯಲ್ಲಿ ಹೊತ್ತುಕೊಂಡು ಹೋಗಿ ಕೂಡಿಸಿದರೆ ಅದು ನಡೆಯುವುದಿಲ್ಲ.

ಎರಡನೆಯ ಕಾಲಂನಲ್ಲಿ ನಾನು ಹೇಳಿದ ಮಾತನ್ನೇ ಬರೆದಳು. "ಗಾಯ ಮಾಯಬೇಕು ಅಂತ ಬರೀಬಾರದಾ?" ಎಂದು ಕೇಳಿದೆ.

"ಅದು ನನ್ನ ಆಸಿ ಅವ್ವಾರ. ನನ್ನ ಆಸೀಗಿ ನೀವು ಕೂಡಂಗಿಲ್ಲ. ಕಣದ ಆಸೀಗಿ ಕೂಡ್ತೀರಿ."

ಈ ಹುಡುಗಿಗೆ ಜನರನ್ನು ಆಳುವುದು ತಿಳಿದಿದೆ.

ಮೂರನೆಯ ಕಾಲಂ ನಾನೇ ಹೇಳಿ ಬರೆಸಿದೆ. ಉಪ್ಪು ನೀರು ಕಾಸುವುದು, ಗುರಮ್ಮ. ಪಟ್ಟಿ ಬಟ್ಟೆ ಕುದಿಸಿ ಒಣಗಿಸುವುದು, ಗುರಮ್ಮ. ಹೊತ್ತಿಗೆ ಗುಳಿಗೆ, ಗುರಮ್ಮ. ಸಕ್ಕರೆ ಇಲ್ಲದ ಚಹಾ, ಗುರಮ್ಮ. ಕೆಲಸ ಹಂಚುವುದು ನನಗೆ ಹೊಸದೇನಲ್ಲ. ನನ್ನ ಹೆಸರಿನ ಮುಂದೆ ಒಂದೇ ಕೆಲಸ ಬಂತು: ಕಾಲು ದಿಂಬಿನ ಮೇಲಿಟ್ಟು ಕೂಡುವುದು. ಎಲ್ಲಕ್ಕಿಂತ ಕಷ್ಟದ್ದು ಅದೇ, ಆದ್ದರಿಂದ ನನಗೆ ಬಂದಿರಬೇಕು.

"ಕಣದಾಗ ಚಪ್ಪಲಿ ಹಾಕ್ಕೊಂಡು ಹೋಗಂಗಿಲ್ಲ, ತಿಳೀತಲ್ಲ?" ಎಂದೆ. "ಇನ್ನ ಎರಡ ತಿಂಗಳ ಅದರಿ. ಅದನ್ನ ಆವಾಗ ನೋಡೂಣು" ಎಂದಳು.

೧೯ ನವೆಂಬರ್, ಬುಧವಾರ

ಒಂಬತ್ತು ದಿನ ಕುಳಿತೆ. ನಾನು ಏಳದಿದ್ದರೂ ಮನೆ ನಡೆಯುತ್ತದೆ ಎಂಬುದು ನನಗೆ ಅಷ್ಟು ಇಷ್ಟವಾಗಲಿಲ್ಲ.

ನರ್ಸಬಾಯಿಗೆ ಇನ್ನೊಂದು ಚಿಂತೆ ಇತ್ತು. ಕಾಲನ್ನು ದಿನಾ ಬೆಳಿಗ್ಗೆ ಯಾರಾದರೂ ನೋಡಬೇಕು, ನೋವು ಹೇಳದ ಕಾಲಿಗೆ ಕಣ್ಣೇ ಕಾವಲು. ನನ್ನ ಅಂಗಾಲು ನನಗೆ ಕಾಣುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ಸೊಸೆಗೆ ಕಾಲು ಎತ್ತಿ ತೋರಿಸಿಕೊಂಡು ಕೂಡುವವಳು ನಾನಲ್ಲ ಎಂದು ಎರಡು ಸಲ ಹೇಳಿದ್ದೆ.

ಇಂದು ಏಳು ಗಂಟೆಗೇ ಬಂದಳು. ನನ್ನ ಲಿಂಗಪೂಜೆ ಆಗ ತಾನೇ ಮುಗಿದಿತ್ತು. ಗುರಮ್ಮ ದಿನದಂತೆ ಬಂದು ಪಾದ ಮುಟ್ಟಿ ನಮಸ್ಕಾರ ಮಾಡಿದಳು. ನರ್ಸಬಾಯಿ ಹೊಸ್ತಿಲಲ್ಲಿ ನಿಂತವಳು ನಿಂತೇ ಬಿಟ್ಟಳು.

"ದಿನಾ ಹಿಂಗ ಮಾಡ್ತೀರೇನ್ರಿ ಅಕ್ಕಾರ?"

"ಹದಿನೆಂಟ್ ವರ್ಷಾತು" ಎಂದಳು ಗುರಮ್ಮ.

"ಹದಿನೆಂಟ್ ವರ್ಷ ಕಾಲಿನ ತನಕಾ ಬಂದು, ಕಾಲು ನೋಡಲಾರ್ದ ಹೊಳ್ಳಿ ಹೋಗೀರಿ ನೋಡ್ರಿ."

ಹಾಗೆ ಹೊಸ ಪದ್ಧತಿ ಶುರುವಾಯಿತು. ಮೊದಲು ನಮಸ್ಕಾರ. ಆಮೇಲೆ ಹಾಗೇ ಕುಳಿತು ಅಂಗಾಲು, ಹಿಮ್ಮಡಿ, ಬೆರಳ ಸಂದಿ. ಕೆಂಪಿದೆಯೇ, ಬಿಸಿಯಿದೆಯೇ, ಮುಳ್ಳಿದೆಯೇ. ಗುರಮ್ಮ ಕೆಂಡ ಮುಟ್ಟುವವಳಂತೆ ಕೈ ಚಾಚಿದಳು. ಬಲಗಾಲಿಗೇನೂ ತಿಳಿಯಲಿಲ್ಲ. ಎಡಗಾಲಿನ ನಡುವೆ ಇನ್ನೂ ಒಂದಿಷ್ಟು ಜೀವವಿದೆ, ಅಲ್ಲಿ ಅವಳ ಬೆರಳು ಆಡಿದ್ದೇ ಕಚಗುಳಿಯಾಗಿ ನಾನು ನಕ್ಕುಬಿಟ್ಟೆ. ಬೆಳಿಗ್ಗೆ ಏಳು ಗಂಟೆಗೆ ಈ ಮನೆಯಲ್ಲಿ ಅಂಥ ಸಪ್ಪಳ ಕೇಳಿದವರಿಲ್ಲ. ಜಗದೇವಪ್ಪ ಬಾಯಿಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಓಡಿ ಬಂದ. "ಏನಾತು? ಅವ್ವಗ ಏನಾತು?"

"ಏನಿಲ್ಲ, ಹೋಗು" ಎಂದೆ. ಗುರಮ್ಮ ಈ ಸಲ ಸೆರಗು ಬಾಯಿಗೆ ಹಿಡಿಯದೆ ನಕ್ಕಳು. ಸುಮ್ಮನೆ ಬಿಟ್ಟೆ.

೨೧ ನವೆಂಬರ್, ಶುಕ್ರವಾರ

ಬೆರಳು ಉಳಿಯಿತು. ಗಾಯದ ತಳದಲ್ಲಿ ದಾಳಿಂಬೆ ಕಾಳಿನಂಥ ಮಾಂಸ ಬಂದಿದೆ. ಡಾಕ್ಟರು, "ಯಾರ್ರಿ ಇದನ್ನ ನೋಡಿಕೊಂಡವ್ರು?" ಎಂದು ಕೇಳಿದರು. ಅಮೀರುನ್ನಿಸಾ ಗುರಮ್ಮನ ಕಡೆ ತೋರಿಸಿದಳು. ಗುರಮ್ಮ ಅಮೀರುನ್ನಿಸಾಳ ಕಡೆ ತೋರಿಸಿದಳು. ಕುಳಿತವಳು ನಾನು, ನನ್ನ ಕಡೆ ಯಾರೂ ತೋರಿಸಲಿಲ್ಲ.

ಬರುವಾಗ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಸಕ್ಕರೆ ಇಲ್ಲದ ಚಹಾ ಕುಡಿದೆವು. ಬಹಳ ಕೆಟ್ಟದಾಗಿತ್ತು. ಇನ್ನೊಂದು ಕಪ್ಪು ತರಿಸಿದೆ.

೯ ಡಿಸೆಂಬರ್, ಮಂಗಳವಾರ

ಮಂಗಳವಾರ ಮಂಗಳವಾರ ನಮ್ಮ ಪಡಸಾಲೆಯಲ್ಲಿ ಹೆಂಗಸರು ಕೂಡುತ್ತಾರೆ. ಹೇಗೆ ಶುರುವಾಯಿತೋ ನೆನಪಿಲ್ಲ. ಅಮೀರುನ್ನಿಸಾ ಬಂದಾಗ ಇಬ್ಬರು ಬಂದು ಕುಳಿತರು, ಮುಂದಿನ ವಾರ ಏಳು, ಇಂದು ಹದಿನಾಲ್ಕು. ಅವಳು ಹೇಳುವುದು ಸರಿಯಾಗಿಯೇ ಇರುತ್ತದೆ, ಆದರೆ ದನಿ ಸಣ್ಣದು. ಹಿಂದೆ ಕುಳಿತವರಿಗೆ ಮುಟ್ಟುವುದಿಲ್ಲ. ಆದ್ದರಿಂದ ನಾನು ಹೇಳುತ್ತೇನೆ, ತಪ್ಪಿದರೆ ಅವಳು ತಿದ್ದುತ್ತಾಳೆ. ಇಂದು ಎರಡು ಕಡೆ ತಿದ್ದಿದಳು.

ನಮಸ್ಕಾರದ ಹೊಸ ಪದ್ಧತಿ ಹೇಳಿದ್ದಕ್ಕೆ ಅತ್ತೆಯರೆಲ್ಲ ಕಾಲು ಸೀರೆಯೊಳಗೆ ಎಳೆದುಕೊಂಡರು. ಪಕ್ಕದ ಓಣಿಯ ತುಳಜಾಬಾಯಿ, "ನನ್ನ ಸೊಸಿ ಕೈಗಿ ಕಾಲು ಕೊಟ್ರ ನೋಡಂಗಿಲ್ರಿ, ತಿರುವತಾಳ" ಎಂದಳು. ಸೊಸೆ ಹಿಂದೆಯೇ ಕುಳಿತಿದ್ದಳು. "ತಿರುವಲಿಕ್ಕ ಕೈಗಿ ಸಿಗಬೇಕಲ್ರಿ ಅತ್ತಿ. ಮುಂಜಾನೆದ್ದು ಕಾಲು ಎಲ್ಲಿ ಓಡಿಹೋಗ್ತಾವೋ" ಎಂದಳು. ಪಡಸಾಲೆ ಬಿದ್ದು ಬಿದ್ದು ನಕ್ಕಿತು.

ನಿಂಬೆವ್ವ ಕಾಲು ಕೊಡಲೇ ಇಲ್ಲ. "ನಾ ಕೂಲಿಯಾಕಿ, ನನಗ ಎಲ್ಲಿ ಸಕ್ಕರಿ ಬ್ಯಾನಿ? ಸಕ್ಕರಿ ಕಂಡವ್ರಿಗಿ ಬರ್ತದ ಅದು" ಎಂದಳು. ನಾನು, "ನಿಂಬೆವ್ವ, ನನಗ ಫರಸಿ ಬಿಸಿ ಹತ್ತಲಿಲ್ಲ ಅಂದಿದ್ದಿಯಲ್ಲ, ಅದು ಭಕ್ತಿ ಅಲ್ಲ. ಕಾಲು ಸತ್ತಿತ್ತು" ಎಂದೆ. ಹದಿನಾಲ್ಕು ಮಂದಿಯ ಎದುರು ಹೇಳಿಬಿಟ್ಟೆ. ಈಗ ಬರೆಯುವಾಗ ನೆನಪಾಯಿತು, ನಿಂಬೆವ್ವನಿಗೆ ತಿಳಿಯಬಾರದೆಂದುಕೊಂಡಿದ್ದೆನಲ್ಲವೇ?

ನಿಂಬೆವ್ವ ಕಾಲು ಚಾಚಿದಳು. ಅಂಗಾಲಿನಲ್ಲಿ ಬೆರಳುದ್ದದ ಜಾಲಿಮುಳ್ಳು ಮುರಿದು ಕುಳಿತಿತ್ತು. ಎಷ್ಟು ದಿನದ್ದೋ ಅವಳಿಗೇ ತಿಳಿಯದು. ಅಮೀರುನ್ನಿಸಾ ತೆಗೆದು ಕಟ್ಟಿದಳು, ನೀಲಿ ನೀರಿನ ಪರೀಕ್ಷೆಗೆ ನಾಳೆ ಬರಲು ಹೇಳಿದಳು. ಬರಿಗಾಲು ಬೇಡ, ಗಾಯಕ್ಕೆ ಸುಣ್ಣ ಬೇಡ ಎಂದು ನಾನು ಹೇಳಿ, "ಈಗ ನೀ ನನಗ ಹೇಳು, ನಾ ಏನ್ ಹೇಳ್ದೆ?" ಎಂದೆ.

"ಪರೀಕ್ಷಾ ಏನ್ರಿ ಬಾಯಾರ?"

"ಪರೀಕ್ಷಾ ನಂದು. ಹೇಳು."

ಎಲ್ಲರೂ ಹೋದ ಮೇಲೆ ಗೂಡಿನಲ್ಲಿಯ ಗಾಜಿನ ಗ್ಲಾಸು ಕಾಣಲಿಲ್ಲ. ಗುರಮ್ಮನನ್ನು ಕೇಳಿದೆ. "ನಿಮ್ಮ ಉಪ್ಪು ನೀರು ಅದರಾಗ ಆರಸತೀವಲ್ರಿ ಅತ್ತಿ, ತಿಂಗಳಾತು" ಎಂದಳು. ಹಾಗಾದರೆ ಅಮೀರುನ್ನಿಸಾ ಇಷ್ಟು ದಿನ ಚಹಾ ಯಾವುದರಲ್ಲಿ ಕುಡಿಯುತ್ತಿದ್ದಳು? ನಾನು ಗಮನಿಸಿಲ್ಲ. ನಮ್ಮೆಲ್ಲರ ಕಪ್ಪಿನಲ್ಲೇ ಇರಬೇಕು.

೩೦ ಡಿಸೆಂಬರ್, ಮಂಗಳವಾರ

ಎಳ್ಳ ಅಮಾವಾಸ್ಯೆ. ಸವಾರಿ ಬಂಡಿಯಲ್ಲಿ ಎರಡು ದಿಂಬಿನ ಮೇಲೆ ಕಾಲಿಟ್ಟು ಹೊಲಕ್ಕೆ ಹೋದೆ. ಇಳಿಯುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಇಳಿಯಲಿಲ್ಲ. ಜಗದೇವಪ್ಪ ಭೂಮಿಗೆ ಎಡೆಯೆಂದು ಚರಗ ಚೆಲ್ಲಿ ಕೂಗುವ ದನಿ ಹೊಲದ ಆ ಬದುವಿನಿಂದ ಈ ಬದುವಿಗೆ ಬಂತು. ಜೋಳ ಎದೆ ಮಟ್ಟ ನಿಂತಿದೆ. ತೊಗರಿ ಒಣಗಿ ಗಲಗಲ ಅನ್ನುತ್ತಿದೆ.

ಅಮೀರುನ್ನಿಸಾಳನ್ನೂ ಕರೆದುಕೊಂಡು ಬಂದಿದ್ದೆವು. ಬಂಡಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ಉಂಡಳು, ನನ್ನ ತಾಟಿನ ಮೇಲೆ ಕಣ್ಣಿಡಬೇಕಿತ್ತಲ್ಲ. ಏನು ಬೇಡವೆನ್ನುತ್ತಾಳೋ ಎಂದು ನೋಡಿದರೆ, ಹಬ್ಬಕ್ಕೆ ಕುದಿಸಿದ ಭಜ್ಜಿ ಪಲ್ಯದಲ್ಲಿಯ ಕಾಯಿಪಲ್ಲೆ, ಕಾಳು ಎಲ್ಲ ನೋಡಿ, ಸಜ್ಜೆ ಕಡಬು ಮುರಿದು ನೋಡಿ, "ಅವ್ವಾರ, ನಮ್ಮ ಟ್ರೇನಿಂಗಿನಾಗ ಮೂರ್ ತಿಂಗಳ ಕಲಿಸಿದ್ದ ಊಟ ನಿಮ್ಮ ಬುಟ್ಟ್ಯಾಗ ಅದ. ಹೊಟ್ಟಿ ತುಂಬ ತಿನ್ರಿ" ಎಂದಳು. ಶೇಂಗಾ ಹೋಳಿಗೆಯ ಮಾತು ಬಂದಾಗ ಮಾತ್ರ ಚೌಕಾಸಿಯಾಯಿತು. ನಾನು ಒಂದು ಎಂದೆ. ಆಕೆ ಕಾಲು ಭಾಗ ಎಂದಳು. ಅರ್ಧಕ್ಕೆ ನಿಂತಿತು. ಉಳಿದರ್ಧ ತಾನೇ ತಿಂದಳು, ನನ್ನ ಕಣ್ಣೆದುರಿಗೇ.

ನಿನ್ನೆ ನೀಲಿ ನೀರು ಇಟ್ಟಂಗಿಯ ಬಣ್ಣದ ತನಕ ಹೋಗದೆ ಗಿಳಿಹಸಿರಿಗೆ ನಿಂತಿತು. ಗುರಮ್ಮನ ಮದುವೆಯ ಸೀರೆಯ ಬಣ್ಣ.

೮ ಜನವರಿ ೧೯೮೭, ಗುರುವಾರ

ಅಡತಿ ಅಂಗಡಿಯವರು ಹೊಸ ಡೈರಿ ಕೊಟ್ಟರು. ಈ ವರ್ಷದ್ದು ಖಾಲಿ ಬೀಳುವುದಿಲ್ಲ.

ಗಾಯ ಮುಚ್ಚಿತು. ಎಳೆಯ ಚರ್ಮ ಬಂದಿದೆ, ಕೂಸಿನ ಕೆನ್ನೆಯಂತಿದೆ ಎಂದು ಗುರಮ್ಮ ಹೇಳಿದಳು. ರಾಶಿಗೆ ಎರಡು ವಾರವಿದೆ. ಮುಂದೂಡಿದ್ದ ಜಗಳ ಇಂದು ಆಯಿತು.

"ಚಪ್ಪಲಿ ಹಾಕ್ಕೊಂಡು ನಾ ಕಣಕ್ಕ ಕಾಲಿಡಂಗಿಲ್ಲ" ಎಂದೆ.

"ಬರಿಗಾಲಲೆ ನಾ ಬಿಡಂಗಿಲ್ಲ" ಎಂದಳು ಅಮೀರುನ್ನಿಸಾ. "ತೊಗರಿ ಕೊಯ್ದ ಮ್ಯಾಲಿನ ಕೂಳಿ ಅಂದ್ರ ಮೊಳಿ ಇದ್ದಂಗ. ಹೊಸ ಚರ್ಮ ಒಂದ ಹೆಜ್ಜಿಗಿ ಹರೀತದ. ಹರದದ್ದೂ ನಿಮಗ ತಿಳಿಯಂಗಿಲ್ಲ."

"ಹಂಗಾದ್ರ ಎರಡ ತಿಂಗಳ ಯಾಕ ಕೂಡಿಸಿದಿ?"

ಅವಳ ಕಣ್ಣು ತುಂಬಿತು. ಕೋಣೆಯ ಮೂಲೆಯಲ್ಲಿ ಹಳೆ ಬಟ್ಟೆಯ ಕೌದಿ ಹೊಲಿಯುತ್ತ ಕುಳಿತಿದ್ದ ಗುರಮ್ಮ ತಲೆ ಎತ್ತದೆ ಕೇಳಿದಳು: "ಅತ್ತಿ, ಕಣದಾಗ ಕೌದಿ ಹಾಸಿದ್ರ ನಡೀತದೇನ್ರಿ?"

"ಯಾವಾಗ್ಲೂ ಹಾಸ್ತೀವಲ್ಲ. ಅದರಾಗೇನದ?"

"ಹಾಸಿದ್ದನ್ನ ಕಾಲಿಗಿ ಕಟ್ಟಿದ್ರ?"

ನಾವಿಬ್ಬರೂ ಅವಳನ್ನು ನೋಡಿದೆವು. ಹದಿನೆಂಟು ವರ್ಷದಲ್ಲಿ ಇವಳು ನನಗೆ ಉಪಾಯ ಹೇಳಿದ್ದು ಇದೇ ಮೊದಲು. ಅಥವಾ ನಾನು ಕೇಳಿಸಿಕೊಂಡದ್ದು.

ಸಂಜೆಯೇ ಕೌದಿಯ ಬೂಟು ಹೊಲಿಯಲು ಕೂತೆವು. ನನ್ನ ಹಳೆಯ ಇಳಕಲ್ ಸೀರೆ, ತೀರಿಕೊಂಡ ನಮ್ಮ ಯಜಮಾನರ ಒಂದು ಧೋತರ ತೆಗೆದೆ, ಅಮೀರುನ್ನಿಸಾ ತನ್ನ ತಾಯಿಯ ಹಳೆಯ ಓಢಣಿ ತಂದಳು. ಏಳು ಪದರು. ಗಂಟು ಒಳಗೆ ಬರಬಾರದು, ಬಂದರೆ ಅದೇ ಚುಚ್ಚುತ್ತದೆ ಎಂದು ಅಮೀರುನ್ನಿಸಾ ಪ್ರತಿ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಅಟ್ಟೆಗೆ ಸೈಕಲ್ ಅಂಗಡಿಯ ಚಮನಸಾಬನ ಹತ್ತಿರ ಹಳೆಯ ಟಾಯರಿನ ತುಂಡು ತರಿಸಿದೆವು. ರಬ್ಬರು ಕಣದಲ್ಲಿ ನಡೆಯುತ್ತದೆಯೇ ಎಂದು ಜಗದೇವಪ್ಪನಿಗೆ ಅನುಮಾನ. "ತೊಗಲು ಅಲ್ಲ, ಗಿಡದ ಹಾಲು ಅದು. ನಾ ಸ್ವಾಲಾಪುರದಾಗ ಓದೇನಿ" ಎಂದು ತೀರ್ಪು ಕೊಟ್ಟೆ. ಟಾಯರಿನ ರಬ್ಬರಿಗೆ ಆ ಪಾಠ ಎಷ್ಟು ಹೊಂದುತ್ತದೋ ನನಗೂ ಗೊತ್ತಿಲ್ಲ.

೧೪ ಜನವರಿ, ಬುಧವಾರ

ಸಂಕ್ರಾಂತಿ. ಕೌದಿ ಬೂಟು ಹಾಕಿಕೊಂಡು ಅಂಗಳದಲ್ಲಿ ನಡೆದೆ. ಮೂವತ್ತು ಹೆಜ್ಜೆ. ಗುರಮ್ಮ ಬಿಚ್ಚಿ ನೋಡಿದಳು. ಒಂದು ಗುರುತೂ ಇಲ್ಲ.

ಮತ್ತೆ ಮೂವತ್ತು.

೨೨ ಜನವರಿ, ಗುರುವಾರ

ಅಳೆದೆ.

ಬಂಡಿಯನ್ನು ಬದುವಿನ ಹತ್ತಿರ ನಿಲ್ಲಿಸಿದರು. ಅಲ್ಲಿಂದ ಕಣಕ್ಕೆ ನೂರು ಹೆಜ್ಜೆ ಇರಬಹುದು. ಯಾರ ಕೈಯೂ ಹಿಡಿಯಲಿಲ್ಲ. ಗುರಮ್ಮ ಹಿಂದೆ ಬಂದಳು, ಅವಳ ಹಿಂದೆ ಅಮೀರುನ್ನಿಸಾ. ನೆಲ ನನಗೆ ತಿಳಿಯುವುದಿಲ್ಲ, ಆದ್ದರಿಂದ ನೋಡುತ್ತ ನಡೆದೆ. ಈ ಹೊಲವನ್ನು ಇಷ್ಟು ವರ್ಷ ನಡೆದಿದ್ದೇನೆ, ಇಷ್ಟು ನೋಡಿ ನಡೆದಿರಲಿಲ್ಲ.

ಕಣದ ಅಂಚಿನಲ್ಲಿ ಎಲ್ಲರೂ ಚಪ್ಪಲಿ ಕಳಚಿಟ್ಟಿದ್ದರು. ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ ಬಿದ್ದವು. ನಿಂಬೆವ್ವನೇ ಬಾಯಿ ಬಿಟ್ಟಳು. "ಎವ್ವಾ, ಬಾಯಾರ ಕಾಲು ಎರಡೂ ತೊಟ್ಟಲಾಗ ಮಲಗಿಸಿದಂಗ ಕಾಣ್ತಾವ. ಹೆಸರಿಟ್ಟೀರೇನ್ರಿ?"

"ನಿನ್ನ ಕಾಲಿಗೂ ಒಂದ ಜೋಡಿ ಹೊಲಿಸೇನಿ. ಮೊದಲು ಅವಕ್ಕ ಹೆಸರಿಡು" ಎಂದೆ. ಎಲ್ಲರೂ ನಕ್ಕರು, ಹಾಗೇ ನಗುತ್ತ ದಾರಿ ಬಿಟ್ಟರು. ಕೌದಿ ಕಾಲಿಗೆ ಯಾರೂ ಅಡ್ಡ ಮಾತು ಆಡಲಿಲ್ಲ.

ರಾಶಿಗೆ ವಿಭೂತಿ ಹಚ್ಚಿ, ಕೈ ಮುಗಿದು, ಸೇರು ತುಂಬಿ ಜಗದೇವಪ್ಪನ ಚೀಲಕ್ಕೆ ಸುರಿದೆ. ತಿರುಗಿ ನೋಡಿದರೆ ಅಮೀರುನ್ನಿಸಾ ಕಣದ ಅಂಚಿನಲ್ಲಿ ನೋಟ್‌ಬುಕ್ಕು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದಳು. ಕರೆದು ತೋರಿಸೆಂದೆ. ನಾಲ್ಕನೆಯ ಕಾಲಂನಲ್ಲಿ "ಆಯಿತು" ಎಂದಿತ್ತು. ಕೆಳಗೆ ತಾರೀಖು. ಅಕ್ಷರ ಒಂದಿಷ್ಟು ಒದ್ದೆಯಾಗಿತ್ತು. ನನ್ನ ಮೊದಲ ಸೇರು ನೋಡಿ ಇಷ್ಟು ವರ್ಷದಲ್ಲಿ ಯಾರೂ ಅತ್ತದ್ದಿಲ್ಲ.

ಗುರಮ್ಮ ಎಲ್ಲರೆದುರು ಬಾಗಿ ನಮಸ್ಕಾರ ಮಾಡಿ, ಅಲ್ಲೇ ಕುಳಿತು ಬೂಟು ಬಿಚ್ಚಿ ಅಂಗಾಲು ನೋಡಿದಳು. "ಏನಿಲ್ರಿ ಅತ್ತಿ, ನಿಚ್ಚಳ ಅದ" ಎಂದು ಎದ್ದು ನೀರು ತರಲು ಹೋದಳು.

ಅವಳು ಎದ್ದು ಹೋದ ಜಾಗದಲ್ಲಿ, ಒಣ ಹೊಟ್ಟಿನ ಮೇಲೆ ಎರಡು ಹನಿ ರಕ್ತ ಬಿದ್ದಿತ್ತು. ನನ್ನದಲ್ಲ.

೨೩ ಜನವರಿ, ಶುಕ್ರವಾರ

ಬೆಳಿಗ್ಗೆ ಗುರಮ್ಮ ನಮಸ್ಕಾರ ಮಾಡಿ ನನ್ನ ಕಾಲು ನೋಡಿ ಏಳುವಷ್ಟರಲ್ಲಿ, "ಕೂಡು. ನಿನ್ನ ಕಾಲು ತಾ" ಎಂದೆ.

ಅವಳು ಹಿಂದಕ್ಕೆ ಸರಿದಳು. "ಬ್ಯಾಡ್ರಿ ಅತ್ತಿ, ನನಗ ಪಾಪ ಹತ್ತತದ."

"ನಾ ನಮಸ್ಕಾರ ಮಾಡಾಕತ್ತಿಲ್ಲ, ತಪಾಸಣಿ ಮಾಡಾಕತ್ತೇನಿ. ತಾ."

ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ಎರಡೂ ಹಿಮ್ಮಡಿ ಬಿರುಕು ಬಿಟ್ಟಿವೆ, ಬೇಸಿಗೆಯ ಎರೆ ಹೊಲದ ಹಾಗೆ. ಬಲಗಾಲಿನ ಬಿರುಕಿನಲ್ಲಿ ನಿನ್ನೆಯ ರಾಶಿಯ ಒಂದು ತೊಗರಿ ಕಾಳು ಸಿಕ್ಕಿಕೊಂಡಿತ್ತು. ಪಿನ್ನಿನಿಂದ ಮೆಲ್ಲಗೆ ತೆಗೆದೆ. ಇವಳಿಗೆ ಅರಿವಿದೆ, ದೇವರ ದಯೆ. ಮುಟ್ಟಿದ ಕಡೆಯಲ್ಲೆಲ್ಲ ಕಚಗುಳಿಯೆಂದು ನಗುತ್ತಿದ್ದಳು. ಅಷ್ಟರಲ್ಲಿ ಅಮೀರುನ್ನಿಸಾ ಬಂದಳು. ಬಾಗಿಲಲ್ಲಿ ನಿಂತು ನೋಡಿ, ನೇರ ಅಡುಗೆಮನೆಗೆ ಹೋಗಿ ಮೂವರಿಗೂ ಚಹಾಕ್ಕೆ ನೀರಿಟ್ಟಳು.

ಡೈರಿಯ ಈ ಹಾಳೆಯಲ್ಲೇ ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಂಡೆ. ತೊಂದರೆ: ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಎರಡನೆಯದಕ್ಕೆ ಅವಳನ್ನೇ ಕೇಳಬೇಕಾಯಿತು. "ಈ ಕಾಲಿನಿಂದ ನಿನಗ ಏನ್ ಆಗಬೇಕು?"

ಒಡೆದ ಕಾಲು ಇನ್ನೂ ನನ್ನ ಮಡಿಲಲ್ಲೇ ಇತ್ತು. ಮೆಲ್ಲಗೆ ಹೇಳಿದಳು: "ಒಂದ ಸಲ ಸ್ವಾಲಾಪುರ ನೋಡಬೇಕ್ರಿ ಅತ್ತಿ. ಓಣಿ ಓಣಿ ನಡದು. ನೀವು ಓದಿದ ಸಾಲಿ ನೋಡಬೇಕು."

ಅವಳು ಹೇಳಿದ ಮಾತನ್ನೇ ಬರೆದೆ.

ಯಾರು ಏನು ಮಾಡಬೇಕು: ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚುವುದು, ಸುಮಿತ್ರಾಬಾಯಿ. ಒಂದು ಜೊತೆ ಚಪ್ಪಲಿ ತರಿಸುವುದು, ಸುಮಿತ್ರಾಬಾಯಿ. ಬೆಳಿಗ್ಗೆ ದಿನಾ ನೋಡುವುದು, ಸುಮಿತ್ರಾಬಾಯಿ. ಸೊಲ್ಲಾಪುರದ ಬಸ್ಸು ಎಷ್ಟೊತ್ತಿಗೆಂದು ವಿಚಾರಿಸುವುದು, ಸುಮಿತ್ರಾಬಾಯಿ.

ನಾಲ್ಕನೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ರಾತ್ರಿಯಾಯಿತು, ನೀರು ಕಾದಿದೆ. ಬಿಸಿ ಎಷ್ಟಿದೆಯೆಂದು ಗುರಮ್ಮನನ್ನೇ ಕೇಳಿ ಅವಳ ಕಾಲು ಇಡಿಸಬೇಕು.